ಹದಿಹರೆಯದ ನಿರೂಪಕ: ಆಡುನುಡಿಯ ಆಚೆಗಿನ ನಿಜ

ಕಾದಂಬರಿಯೊಂದರ ಹದಿಹರೆಯದ ನಿರೂಪಕ ‘ಸಹಜ’ವಾಗಿ ಮೂಡಿದ್ದಾನೆ ಎನ್ನುವಾಗ ಸಾಮಾನ್ಯವಾಗಿ ಅವನ ಮಾತಿನ ಧಾಟಿಯನ್ನೇ ಆಧಾರವಾಗಿ ತೋರಿಸಲಾಗುತ್ತದೆ. ಆ ವಯಸ್ಸಿನವರ ಆಡುನುಡಿ, ಪುನರುಕ್ತಿ, ಬೈಗುಳಗಳು ಪಠ್ಯದಲ್ಲಿದ್ದರೆ ಪಾತ್ರ ಜೀವಂತವಾಯಿತೆಂಬ ಗ್ರಹಿಕೆ ಇದರ ಹಿಂದಿದೆ. ಆದರೆ ಆಡುನುಡಿ ಬೇಗ ಹಳತಾಗುತ್ತದೆ. 1951ರಲ್ಲಿ ಪ್ರಕಟವಾದ ಜೆ.ಡಿ. ಸಾಲಿಂಜರ್‌ನ ‘ದ ಕ್ಯಾಚರ್ ಇನ್ ದ ರೈ’ ಕಾದಂಬರಿಯ ಹೋಲ್ಡನ್ ಕಾಲ್‌ಫೀಲ್ಡ್‌ನ ಮಾತು ತನ್ನ ಕಾಲದ ಗುರುತನ್ನು ಸ್ಪಷ್ಟವಾಗಿ ಹೊತ್ತಿದೆ; ಪಾತ್ರದ ನಿಜತನ ಮಾತ್ರ ಮಾಸಿಲ್ಲ. ಹಾಗಾದರೆ ಈ ನಿಜತನದ ನೆಲೆ ಯಾವುದು?

ಮೊದಲನೆಯದು ಕಾಲದ ಅಂತರ. ಘಟನೆಗಳು ನಡೆದಾಗ ಹೋಲ್ಡನ್‌ಗೆ 16 ವರ್ಷ. ಅವನ್ನು ಹೇಳುವಾಗ 17. ನಡುವಯಸ್ಸಿನಲ್ಲಿ ಹರೆಯವನ್ನು ನೆನೆಯುವ ನಿರೂಪಕ ಪ್ರತಿಯೊಂದು ಘಟನೆಗೂ ಅರ್ಥ ಹಚ್ಚಬಲ್ಲ. ಹೋಲ್ಡನ್‌ಗೆ ಆ ಅನುಕೂಲವಿಲ್ಲ. ಗಾಯ ಮಾಯುವ ಮುನ್ನವೇ ಅವನು ಮಾತನಾಡುತ್ತಿದ್ದಾನೆ. ಆದ್ದರಿಂದಲೇ ಕಾದಂಬರಿಯ ಕೊನೆಯಲ್ಲಿಯೂ ಅವನಿಂದ ತೀರ್ಮಾನವಾಗಲಿ ನೀತಿಯಾಗಲಿ ಹೊರಡುವುದಿಲ್ಲ.

ಎರಡನೆಯದು ಮಾತಿನ ನುಣುಚಿಕೊಳ್ಳುವಿಕೆ. ತಮ್ಮ ಆಲಿ ರಕ್ತದ ಕ್ಯಾನ್ಸರಿನಿಂದ ಸತ್ತ ಸಂಗತಿಯನ್ನು ಹೋಲ್ಡನ್ ನೇರವಾಗಿ ದುಃಖವೆಂದು ನಿವೇದಿಸುವುದಿಲ್ಲ. ಕೊಠಡಿಯ ಜೊತೆಗಾರನಿಗೆ ಬರೆದುಕೊಡಬೇಕಾದ ಪ್ರಬಂಧದ ನೆಪದಲ್ಲಿ, ಆಲಿ ಹಸಿರು ಶಾಯಿಯಿಂದ ಕವಿತೆಗಳನ್ನು ಬರೆದಿಟ್ಟಿದ್ದ ಬೇಸ್‌ಬಾಲ್ ಕೈಗವಸಿನ ವರ್ಣನೆಯ ನಡುವೆ ಅದು ಹೊರಬರುತ್ತದೆ. ಆಲಿ ಸತ್ತ ರಾತ್ರಿ ಗ್ಯಾರೇಜಿನ ಕಿಟಕಿಗಳನ್ನು ಮುಷ್ಟಿಯಿಂದ ಒಡೆದದ್ದು ಮೂರ್ಖತನವೆಂದು ಅವನೇ ಒಪ್ಪುತ್ತಾನೆ. ಅವನು ಹಗುರವಾಗಿಸಿದ್ದನ್ನು ಓದುಗ ತೂಗಿ ನೋಡುತ್ತಾನೆ.

ಮೂರನೆಯದು ಅರಿವಿನ ಮಿತಿ. ಮಾರ್ಕ್ ಟ್ವೈನ್‌ನ ‘ಹಕಲ್‌ಬೆರಿ ಫಿನ್’ (ಇಂಗ್ಲೆಂಡಿನಲ್ಲಿ 1884, ಅಮೆರಿಕದಲ್ಲಿ 1885) ಕೃತಿಯ ಹಕ್, ಓಡಿಬಂದ ಗುಲಾಮ ಜಿಮ್‌ನ ಸುಳಿವು ಕೊಡುವ ಪತ್ರವನ್ನು ಬರೆದು ಹರಿದುಹಾಕುತ್ತಾನೆ. ಆ ಕ್ಷಣದಲ್ಲಿ ಅವನು ಸಮಾಜದ ಧರ್ಮವನ್ನು ತಪ್ಪೆನ್ನುವುದಿಲ್ಲ. ತಾನೇ ನರಕಕ್ಕೆ ಹೋಗುವವನೆಂದು ನಂಬುತ್ತಾನೆ. ಗುಲಾಮಗಿರಿಯ ಖಂಡನೆಯನ್ನು ಅವನ ಬಾಯಲ್ಲಿ ಇಟ್ಟಿದ್ದರೆ ಕೇಳುತ್ತಿದ್ದುದು ಟ್ವೈನ್‌ನ ದನಿ, ಹಕ್‌ನದಲ್ಲ.

ಕನ್ನಡದಲ್ಲಿ ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯ ನಿರೂಪಕ ಇನ್ನೂ ಎಳೆಯ ಬಾಲಕ. ಆದರೆ ತತ್ತ್ವ ಅದೇ. ವಿಧವೆ ಯಮುನಕ್ಕನ ಬಸಿರಿನ ಸುತ್ತ ಹಿರಿಯರು ಹೂಡುವ ಕ್ರೌರ್ಯ ಅವನ ಭಯ ಮತ್ತು ಪ್ರೀತಿಗಳ ಮೂಲಕ ಕಾಣುತ್ತದೆ. ಸಂಪ್ರದಾಯದ ವಿಮರ್ಶೆ ಮಾಡಬಲ್ಲ ಭಾಷೆ ಅವನಿಗಿಲ್ಲದಿರುವುದೇ ಕಥೆಯ ವಿಮರ್ಶೆಯನ್ನು ತೀಕ್ಷ್ಣಗೊಳಿಸಿದೆ.

ಈ ವಿವೇಚನೆಯಿಂದ ಅನುವಾದಕ್ಕೂ ಬೋಧನೆಗೂ ಒಂದು ಪ್ರಯೋಜನವಿದೆ. ಹೋಲ್ಡನ್‌ನ ಮಾತಿಗೆ ಧಾರವಾಡದ ಕನ್ನಡ ಹೊಂದೀತೇ, ಬೆಂಗಳೂರಿನ ಕನ್ನಡ ಹೊಂದೀತೇ ಎಂಬ ಪ್ರಶ್ನೆ ಅಗತ್ಯವಾದುದೇ. ಆದರೆ ಅವನು ತಪ್ಪಿಸಿಕೊಂಡದ್ದನ್ನು ಅನುವಾದಕ ವಿವರಿಸಿಬಿಟ್ಟರೆ ಯಾವ ಉಪಭಾಷೆಯೂ ಪಾತ್ರವನ್ನು ಉಳಿಸಲಾರದು. ನಿರೂಪಕ ಏನು ಹೇಳಿದ ಎಂಬುದರೊಂದಿಗೆ, ಎಷ್ಟು ದೂರದಿಂದ ಹೇಳಿದ, ಯಾವುದನ್ನು ಹೇಳಲಾರದೆ ಹೋದ ಎಂಬುದನ್ನೂ ಗುರುತಿಸಿದಾಗಲೇ ಹದಿಹರೆಯದ ನಿರೂಪಣೆಯ ವಿಶ್ಲೇಷಣೆ ಪೂರ್ಣವಾಗುತ್ತದೆ.