ಕಂಪ್ಯೂಟರ್ ಕೋಣೆಯ ಬೀಗದ ಕೈ ಯಾರ ಬಳಿ?

ಸಂಜೆ ದೀಪ ಹಚ್ಚುವ ಹೊತ್ತಿಗೆ ನಿಮ್ಮ ಮನೆಯ ಮೊಬೈಲ್ ಯಾರ ಕೈಯಲ್ಲಿರುತ್ತದೆ? ಒಂದು ನಿಮಿಷ ಯೋಚಿಸಿ ಹೇಳಿ. ಯಜಮಾನರದು ಅವರ ಜೇಬಿನಲ್ಲಿ. ಇನ್ನೊಂದು, ಹೆಸರಿಗೆ ‘ನಿಮ್ಮದು’ ಅಂತ ಇರುವುದು, ಹತ್ತನೇ ತರಗತಿಯ ಮಗನ ಕೈಯಲ್ಲಿ. ಎಂಟನೆಯದೋ ಒಂಬತ್ತನೆಯದೋ ಓದುವ ಮಗಳು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತ, “ಅಣ್ಣಾ, ನಿಂದಾದ ಮೇಲೆ ನಂಗೆ ಕೊಡೋ” ಅಂತ ಕೇಳುತ್ತಿರುತ್ತಾಳೆ. ಅಣ್ಣನದು ಆಗುವುದು ರಾತ್ರಿ ಹತ್ತು ಗಂಟೆಗೆ. ಅಷ್ಟರಲ್ಲಿ ಚಾರ್ಜೂ ಮುಗಿದಿರುತ್ತದೆ, ಹುಡುಗಿಗೆ ನಿದ್ದೆಯೂ ಬಂದಿರುತ್ತದೆ.

“ನಮ್ಮ ಮನೆಯಲ್ಲಿ ಹಾಗಿಲ್ಲಪ್ಪ” ಅನ್ನುವವರು ಇದ್ದರೆ ಸಂತೋಷ. ಆದರೆ ಬಹಳ ಮನೆಗಳಲ್ಲಿ ಹಾಗೇ ಇದೆ. ‘ಪ್ರಥಮ್’ ಸಂಸ್ಥೆಯವರು ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ‘ಅಸರ್’ ಎಂಬ ಸಮೀಕ್ಷೆ ನಡೆಸುತ್ತಾರೆ. ಅದರ 2024ರ ವರದಿಯಲ್ಲಿ 14ರಿಂದ 16 ವರ್ಷದ ಮಕ್ಕಳ ವಿಷಯ ಇದೆ. ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ ಅಂದ ಮಕ್ಕಳು ನೂರಕ್ಕೆ ಸುಮಾರು 82. ಹಾಗೆ ಬಳಸಲು ಬರುವವರಲ್ಲಿ ಸ್ವಂತ ಫೋನ್ ಇಟ್ಟುಕೊಂಡ ಹುಡುಗರು ನೂರಕ್ಕೆ 36, ಹುಡುಗಿಯರು 27. ಹಿಂದಿನ ಒಂದು ವಾರದಲ್ಲಿ ಅದನ್ನು ಓದಿಗಾಗಿ ಮುಟ್ಟಿದವರು 57, ಸೋಷಿಯಲ್ ಮೀಡಿಯಾಕ್ಕಾಗಿ ಮುಟ್ಟಿದವರು 76! ಅಂದರೆ ಹುಡುಗರಿಗೆ ಹೆಚ್ಚಾಗಿ ಸಿಕ್ಕಿದೆ, ಸಿಕ್ಕಿದ್ದರಲ್ಲಿ ಹೆಚ್ಚು ಪಾಲು ಓದಿಗಲ್ಲ.

2020ನೇ ಇಸವಿಯನ್ನು ಯಾವ ತಾಯಿ ಮರೆತಾಳು? ಮಾರ್ಚ್ ತಿಂಗಳಲ್ಲಿ ಶಾಲೆ ಮುಚ್ಚಿತು. ಜುಲೈಯಲ್ಲಿ ಚಂದನ ವಾಹಿನಿಯಲ್ಲಿ ಎಂಟು, ಒಂಬತ್ತು, ಹತ್ತನೇ ತರಗತಿಗಳಿಗೆ ಪಾಠ ಶುರುವಾಯಿತು. ಆಗಸ್ಟ್‌ನಲ್ಲಿ ಸರ್ಕಾರ ‘ವಿದ್ಯಾಗಮ’ ತಂದಿತು. ಮೇಷ್ಟ್ರುಗಳು ದೇವಸ್ಥಾನದ ಜಗಲಿ, ಅರಳಿಕಟ್ಟೆ, ಮರದ ನೆರಳು ಹುಡುಕಿಕೊಂಡು ಮಕ್ಕಳಿದ್ದಲ್ಲಿಗೇ ಬಂದರು. ಆಗ ಮಕ್ಕಳನ್ನು ಮೂರು ಗುಂಪು ಮಾಡಿದ್ದು ನೆನಪಿದೆಯೇ? ಇಂಟರ್ನೆಟ್ ಇರುವ ಫೋನಿನವರು, ಬರೀ ಮಾತಾಡುವ ಫೋನಿನವರು, ಏನೂ ಇಲ್ಲದವರು. ಅಕ್ಕಿ ಆರಿಸಿ ನುಚ್ಚು ಬೇರೆ, ಕಲ್ಲು ಬೇರೆ ಮಾಡಿದ ಹಾಗೆ! ಅದು ಯಾರ ತಪ್ಪೂ ಅಲ್ಲ, ಬೇರೆ ದಾರಿಯೇ ಇರಲಿಲ್ಲ. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಕೊರೊನಾ ಹೋಯಿತು, ಆ ಮೂರು ಗುಂಪು ಮಾತ್ರ ಒಂದೊಂದು ಊರಿನಲ್ಲೂ ಹಾಗೇ ಉಳಿದುಕೊಂಡಿತು.

ಹಾಗಾದರೆ ಹೈಸ್ಕೂಲ್ ಹುಡುಗಿಗೆ ಒಂದು ಮೊಬೈಲ್ ಕೊಡಿಸಿಬಿಡೋಣವೇ? ನಾನು ಹಾಗೆ ಹೇಳುವವಳಲ್ಲ. ದುಡ್ಡಿನ ಮಾತು ಹಾಗಿರಲಿ, ಚಾದರದೊಳಗೆ ಮಿಣಮಿಣ ಬೆಳಕು ನೋಡುವ ಆತಂಕ ನಮಗೆ ಬೇಕೇ? ನಾನು ಹೇಳುವುದು ಶಾಲೆಯಲ್ಲಿ ಈಗಾಗಲೇ ಇರುವ ಕಂಪ್ಯೂಟರ್ ಕೋಣೆಯ ಮಾತು.

ಹತ್ತು ಕಂಪ್ಯೂಟರ್, ಒಂದು ಬೀಗ

ನಮ್ಮ ರಾಜ್ಯದಲ್ಲಿ ‘ಮಾಹಿತಿ ಸಿಂಧು’ ಅಂತ ಒಂದು ಯೋಜನೆ ಬಂದು ಹೈಸ್ಕೂಲುಗಳಿಗೆ ಕಂಪ್ಯೂಟರ್ ಕೊಟ್ಟರು. 2004ರ ಕೊನೆಯಲ್ಲಿ ಕೇಂದ್ರ ಸರ್ಕಾರದ್ದೂ ಒಂದು ಯೋಜನೆ ಬಂತು. ಹೀಗೆ ಕಂತುಕಂತಾಗಿ ಎಷ್ಟೋ ಸರ್ಕಾರಿ ಹೈಸ್ಕೂಲುಗಳಿಗೆ ಒಂದು ಕಂಪ್ಯೂಟರ್ ಕೋಣೆ ಬಂದಿದೆ. ನನ್ನ ಮಗಳು ಓದುವ ಶಾಲೆಯಲ್ಲೂ ಇದೆ. ಹತ್ತು ಕಂಪ್ಯೂಟರ್. ಹಸಿರು ಬಟ್ಟೆಯ ಮುಸುಕು, ಬಾಗಿಲಿಗೆ ದೊಡ್ಡ ಬೀಗ. ಮದುವೆಗೆ ಬಂದ ಪಿಂಗಾಣಿ ಸೆಟ್ಟನ್ನು ಷೋಕೇಸಿನಲ್ಲಿಟ್ಟು ಸ್ಟೀಲ್ ಲೋಟದಲ್ಲಿ ಕಾಫಿ ಕುಡಿಯುತ್ತೇವಲ್ಲ, ಹಾಗೆ!

ಬೀಗದ ಕೈ ಗಣಿತದ ಮೇಷ್ಟ್ರ ಹತ್ತಿರ. ಅವರಿಗೆ ಪಾಠದ ಜೊತೆಗೆ ಚುನಾವಣೆ ಕೆಲಸ, ಗಣತಿ ಕೆಲಸ, ಬಿಸಿಯೂಟದ ಲೆಕ್ಕ. ವಾರಕ್ಕೆ ಒಂದು ಪೀರಿಯಡ್ ತೆಗೆಯುತ್ತಾರೆ, ಅದೇ ದೊಡ್ಡದು. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು, ಲೆಕ್ಕ ಬರುತ್ತದೆ. ಕೇಳಿ. ಪೀರಿಯಡ್ 40 ನಿಮಿಷ. ಚಪ್ಪಲಿ ಬಿಟ್ಟು, ಕೂತು, ಕಂಪ್ಯೂಟರ್ ಶುರುವಾಗುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. 40 ಮಕ್ಕಳು, ಹತ್ತು ಕಂಪ್ಯೂಟರ್, ಒಂದಕ್ಕೆ ನಾಲ್ವರು. ಒಬ್ಬರ ಪಾಲಿಗೆ ಏಳೂವರೆ ನಿಮಿಷ. ರಜೆ, ಪರೀಕ್ಷೆ ಕಳೆದು ವರ್ಷಕ್ಕೆ 30 ಪೀರಿಯಡ್ ಸಿಕ್ಕಿತು ಅನ್ನಿ. 225 ನಿಮಿಷ, ನಾಲ್ಕು ಗಂಟೆಯೂ ಪೂರ್ತಿ ಆಗಲಿಲ್ಲ! ಒಂದು ಸಿನಿಮಾ ನೋಡಿ, ಹೋಟೆಲಿನಲ್ಲಿ ದೋಸೆ ತಿಂದು ಬರುವ ಹೊತ್ತು.

ಆ ಏಳೂವರೆ ನಿಮಿಷವಾದರೂ ಸಿಗುತ್ತದೆಯೇ? ನಾಲ್ವರಲ್ಲಿ ಯಾರಿಗೆ ಮೊದಲೇ ಗೊತ್ತೋ ಅವರು ಮೌಸ್ ಹಿಡಿಯುತ್ತಾರೆ. ಮನೆಯಲ್ಲಿ ಯಾರಿಗೆ ಫೋನ್ ಸಿಕ್ಕಿತ್ತೋ ಅವರಿಗೆ ಮೊದಲೇ ಗೊತ್ತಿರುತ್ತದೆ. ಉಳಿದವರು ಹಿಂದೆ ನಿಂತು ನೋಡುತ್ತಾರೆ. “ನಾನು ಇನ್ನೂ ಮೌಸ್ ಮುಟ್ಟಿಲ್ಲ ಅಮ್ಮಾ, ನೋಡಿದ್ದೀನಿ ಅಷ್ಟೆ” ಅಂತ ಮಗಳು ಹೇಳಿದ್ದು ಎರಡನೇ ಟರ್ಮಿನಲ್ಲಿ!

ಪೋಷಕರ ಸಭೆ ಮುಗಿದ ಮೇಲೆ ನಾವು ಐದು ಜನ ತಾಯಂದಿರು ಹೆಡ್ಮಾಸ್ಟರ ಕೋಣೆಗೆ ಹೋದೆವು. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕೋಣೆ ತೆಗೆದಿಡಿ ಸಾರ್ ಅಂತ ಕೇಳಿಕೊಂಡೆವು. ಅವರು ಒಳ್ಳೆಯವರೇ. ಆದರೆ, “ಅಮ್ಮಾ, ಹೆಣ್ಣುಮಕ್ಕಳನ್ನ ಸಂಜೆ ಕೂರಿಸಿಕೊಂಡರೆ ಜವಾಬ್ದಾರಿ ಯಾರದು? ಒಂದು ವಸ್ತು ಕೆಟ್ಟರೆ ಯಾರು ಕೊಡೋರು? ನೋಡಿಕೊಳ್ಳೋಕೆ ಆಳೇ ಇಲ್ಲವಲ್ಲ” ಅಂದರು. ಆಗ ನಮ್ಮ ಎದುರುಮನೆಯಾಕೆ, ಹೊಲಿಗೆ ಕೆಲಸ ಮಾಡುವವರು, “ಆಳು ಯಾಕೆ ಸಾರ್, ನಾವಿಲ್ಲವಾ?” ಅಂದುಬಿಟ್ಟರು.

ಅಷ್ಟೇ ನೋಡಿ ನಡೆದದ್ದು. ಮಂಗಳವಾರ, ಗುರುವಾರ ಸಂಜೆ ಒಂದು ಗಂಟೆ ಹುಡುಗಿಯರಿಗೆ. ಶನಿವಾರ ಬೆಳಗಿನ ತರಗತಿ ಬಿಟ್ಟ ಮೇಲೆ ಎಲ್ಲರಿಗೂ. ಇಬ್ಬಿಬ್ಬರು ತಾಯಂದಿರು ಸರದಿಯ ಮೇಲೆ ಬಾಗಿಲ ಹತ್ತಿರ ಕೂರುತ್ತೇವೆ, ಕ್ರೋಶಾನೋ ಹೆಮ್ಮಿಂಗೋ ಹಿಡಿದುಕೊಂಡು. ಪುಸ್ತಕದಲ್ಲಿ ಬಂದವರ ಹೆಸರು ಬರೆಸುತ್ತೇವೆ. ಒಂದು ಕಂಪ್ಯೂಟರಿಗೆ ಇಬ್ಬರು, ಗಡಿಯಾರ ನೋಡಿ ಇಪ್ಪತ್ತು ನಿಮಿಷಕ್ಕೊಮ್ಮೆ ಮೌಸ್ ಕೈ ಬದಲು. ಇದೊಂದು ನಿಯಮದಲ್ಲಿ ಮಾತ್ರ ನಾವು ಬಹಳ ಕಟ್ಟುನಿಟ್ಟು.

ಅಲ್ಲಿ ಏನು ಕಲಿಯುತ್ತಾರೆ ಅಂತ ನೀವು ಕೇಳಬಹುದು. ಮೊದಲು ಕನ್ನಡದಲ್ಲಿ ಟೈಪ್ ಮಾಡುವುದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ. ಅದರ ಅಕ್ಷರಗಳ ಜೋಡಣೆಗೆ ಮೂಲ ಕೆ.ಪಿ. ರಾವ್ ಅವರ ಕೀಲಿಮಣೆ. ‘ಕೆ’ ಒತ್ತಿದರೆ ಕ, ದೊಡ್ಡ ‘ಕೆ’ ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ ‘ಎಫ್’. ‘ಅಕ್ಕ’ ಅಂತ ಬರೆಯಲು ಎ, ಕೆ, ಎಫ್, ಕೆ. ಒಂದು ವಾರ ತಡವರಿಸಿದರು, ಆಮೇಲೆ ನೀರು ಕುಡಿದ ಹಾಗೆ! ಪಠ್ಯಪುಸ್ತಕದಲ್ಲಿ ಚೌಕಾಕಾರದ ಚುಕ್ಕಿ ಚಿತ್ತಾರ ಇರುತ್ತದಲ್ಲ, ಕ್ಯೂಆರ್ ಕೋಡ್, ಅದರ ಹಿಂದಿನ ಪಾಠಗಳು ‘ದೀಕ್ಷಾ’ ಎಂಬ ತಾಣದಲ್ಲಿವೆ. 2017ರಲ್ಲಿ ಶುರುವಾದದ್ದು. ವಿಜ್ಞಾನದ ಪಾಠ ಅರ್ಥವಾಗದಿದ್ದರೆ ಅಲ್ಲಿ ಮತ್ತೆ ನೋಡಬಹುದು. ವಿದ್ಯಾರ್ಥಿವೇತನದ ಅರ್ಜಿಯನ್ನು ಈಗ ರಾಜ್ಯದ ಎಸ್‌ಎಸ್‌ಪಿ ತಾಣದಲ್ಲೇ ತುಂಬಬೇಕಲ್ಲ, ಅದಕ್ಕೆ ಸೈಬರ್ ಸೆಂಟರಿಗೆ ಹೋಗಿ ಆಧಾರ್ ನಂಬರು, ಪಾಸ್‌ವರ್ಡ್ ಎಲ್ಲ ಅಪರಿಚಿತರಿಗೆ ಹೇಳಿ ಬರುತ್ತಿದ್ದೆವು. ಈ ಸಲ ಅರ್ಜಿ ತುಂಬಿದವರು ನಮ್ಮ ಹುಡುಗಿಯರೇ!

ನೆರೆಯ ಕೇರಳದಲ್ಲಿ

ಇದು ನಮ್ಮದೇ ಹೊಸ ಬುದ್ಧಿ ಅಂತೇನೂ ಅಲ್ಲ. ಪಕ್ಕದ ಕೇರಳದವರು ಇದನ್ನು ದೊಡ್ಡದಾಗಿ ಮಾಡಿದ್ದಾರೆ. ಅಲ್ಲಿ 2018ರಲ್ಲಿ ಹೈಸ್ಕೂಲುಗಳಲ್ಲಿ ‘ಲಿಟಲ್ ಕೈಟ್ಸ್’ ಅಂತ ಮಕ್ಕಳ ಸಂಘಗಳು ಶುರುವಾದವು. ಕಂಪ್ಯೂಟರಿನ ರಿಪೇರಿ, ಮಲಯಾಳ ಬರವಣಿಗೆ, ಚಲಿಸುವ ಚಿತ್ರ, ಪ್ರೋಗ್ರಾಂ ಬರೆಯುವುದು ಎಲ್ಲ ಕಲಿಸುತ್ತಾರೆ. ನನಗೆ ಹಿಡಿಸಿದ್ದು ಇನ್ನೊಂದು. 2022ರಲ್ಲಿ ಆ ಮಕ್ಕಳು ಮೇಷ್ಟ್ರ ಜೊತೆ ನಿಂತು ತಾಯಂದಿರಿಗೇ ಪಾಠ ಹೇಳಿದರು! ‘ಅಮ್ಮ ಅರಿಯಾನ್’ ಅಂತ ಅದರ ಹೆಸರು, ಅಮ್ಮನಿಗೆ ತಿಳಿಯಲೆಂದು. ಒಟಿಪಿ ಯಾರಿಗೂ ಹೇಳಬಾರದೇಕೆ, ಸುಳ್ಳು ಸುದ್ದಿ ಗುರುತಿಸುವುದು ಹೇಗೆ, ಹಣ ಲಪಟಾಯಿಸುವವರ ಉಪಾಯ ಏನು, ಇವೆಲ್ಲ. ಸುಮಾರು ಮೂರು ಲಕ್ಷ ತಾಯಂದಿರಿಗಾಗಿ ಹಾಕಿಕೊಂಡ ಕಾರ್ಯಕ್ರಮ ಅದು.

ಅವರಿಗೂ ಎಲ್ಲ ಸುಸೂತ್ರವಾಗಿ ಆಗಲಿಲ್ಲ ಅನ್ನಿ. 2020ರಲ್ಲಿ ಟಿವಿ ಪಾಠ ಶುರು ಮಾಡುವಾಗ ಎಣಿಸಿದರೆ, ಸುಮಾರು 2.6 ಲಕ್ಷ ಮಕ್ಕಳ ಮನೆಯಲ್ಲಿ ಟಿವಿಯೂ ಇಲ್ಲ, ಫೋನೂ ಇಲ್ಲ. ಓದುವ ಮನೆ, ಅಂಗನವಾಡಿಗಳಲ್ಲಿ ಟಿವಿ ಇಟ್ಟು ಕೂರಿಸಿದರು. ಆಮೇಲೆ ‘ಕುಟುಂಬಶ್ರೀ’ ಹೆಂಗಸರಿಗಾಗಿ ಲ್ಯಾಪ್‌ಟಾಪ್ ಚೀಟಿ ತಂದರು. ತಿಂಗಳಿಗೆ 500 ರೂಪಾಯಿಯಂತೆ 30 ತಿಂಗಳು ಕಟ್ಟುವುದು, ಮೊದಲ ಕೆಲವು ಕಂತು ಕಟ್ಟಿದರೆ ಲ್ಯಾಪ್‌ಟಾಪ್ ಕೈಗೆ. ಕೇಳುವುದಕ್ಕೆ ಎಷ್ಟು ಚೆನ್ನ! ಆದರೆ 2021ರ ಜೂನ್‌ನಲ್ಲಿ ಶಾಲೆ ಶುರುವಾದರೂ ಅನೇಕರಿಗೆ ಲ್ಯಾಪ್‌ಟಾಪ್ ಬಂದಿರಲಿಲ್ಲ. ಚೀಟಿ ಕಟ್ಟುವಾಗ ವಸ್ತು ಕೊಡುವವರು ಯಾರು, ಯಾವಾಗ ಕೊಡುತ್ತಾರೆ ಅಂತ ನಾವು ಹೇಗೆ ಕೇಳುತ್ತೇವೋ, ಹಾಗೆ ಸರ್ಕಾರವನ್ನೂ ಕೇಳಬೇಕಾಗುತ್ತದೆ.

“ಕಂಪ್ಯೂಟರ್ ಕೊಟ್ಟ ಮಾತ್ರಕ್ಕೆ ಮಕ್ಕಳು ಬುದ್ಧಿವಂತರಾಗ್ತಾರಾ?” ಅಂತ ನಮ್ಮ ಅತ್ತೆ ಕೇಳಿದರು. ಖಂಡಿತ ಇಲ್ಲ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಹಳ್ಳಿಯ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದರು. 2012ರಲ್ಲಿ ಹೊರಬಂದ ಅಧ್ಯಯನ ನೋಡಿದರೆ ಗಣಿತದಲ್ಲೂ ಭಾಷೆಯಲ್ಲೂ ಏನೂ ಮುಂದೆ ಬಂದಿರಲಿಲ್ಲ. ಯುನೆಸ್ಕೊದವರೂ 2023ರ ವರದಿಯಲ್ಲಿ ಯಂತ್ರ ತರುವ ಮುಂಚೆ ಯಾತಕ್ಕೆ, ಯಾರಿಗೆ ಅಂತ ಯೋಚಿಸಿ ಎಂದು ಎಚ್ಚರಿಸಿದ್ದಾರೆ. ಅದಕ್ಕೇ ನಾನು ಮನೆಗೊಂದು ಕೊಡಿ ಅನ್ನುತ್ತಿಲ್ಲ. ಪಾಠ ಹೇಳುವ ಟೀಚರ್ ಒಳಗಿರಲಿ, ಪರದೆ ನಾಲ್ಕು ಜನರಿಗೆ ಕಾಣುವಂತಿರಲಿ, ಕೋಣೆ ತೆಗೆದಿರಲಿ, ಎಲ್ಲರ ಕೈಗೂ ಬರಲಿ. ಇಷ್ಟಕ್ಕೆ ಹೊಸದೇನೂ ಕೊಳ್ಳಬೇಕಾಗಿಲ್ಲ.

ನೀವೂ ಕೇಳಿ

ಮುಂದಿನ ಪೋಷಕರ ಸಭೆಗೆ ಒಬ್ಬರೇ ಹೋಗಬೇಡಿ, ನಾಲ್ಕಾರು ಜನ ಹೋಗಿ. ಕಂಪ್ಯೂಟರ್ ಎಷ್ಟಿವೆ ಅಂತ ಕೇಳಬೇಡಿ, ಎಷ್ಟು ನಡೆಯುತ್ತವೆ ಅಂತ ಕೇಳಿ. ವಾರಕ್ಕೆ ಎಷ್ಟು ಗಂಟೆ ಬಾಗಿಲು ತೆಗೆಯುತ್ತಾರೆ, ಹುಡುಗಿಯರ ಪಾಲಿಗೆ ಎಷ್ಟು ನಿಮಿಷ, ಬೀಗದ ಕೈ ರಜೆ ಹಾಕಿದವರ ಜೊತೆ ಮನೆಗೆ ಹೋಗುತ್ತದೆಯೇ ಅಂತ ಕೇಳಿ. ಎರಡನೇ ಬೀಗದ ಕೈ ಮಾಡಿಸುವುದಕ್ಕೆ ಎಷ್ಟು ಮಹಾ ಖರ್ಚು! ಸಿಟ್ಟಿನಿಂದ ಕೇಳಿದರೆ ಕೆಲಸ ಆಗುವುದಿಲ್ಲ. ಮೇಷ್ಟ್ರುಗಳಿಗೂ ಸಾಕುಸಾಕಾಗಿರುತ್ತದೆ. ನಾವೇನು ಮಾಡಬಲ್ಲೆವು ಅಂತ ಮೊದಲು ಹೇಳಿ, ಆಮೇಲೆ ಕೇಳಿ.

ಪಾಸ್‌ವರ್ಡ್ ವಿಷಯ ಒಂದು ಮಾತು. ಶಾಲೆಯ ಕಂಪ್ಯೂಟರ್ ಹತ್ತು ಜನ ಬಳಸುವಂಥದು. ಅರ್ಜಿ ತುಂಬಿದ ಮೇಲೆ ‘ಲಾಗೌಟ್’ ಮಾಡಿ ಏಳಬೇಕು, ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲೇ ಅಂತ ಯಂತ್ರ ಕೇಳಿದರೆ ಬೇಡ ಅನ್ನಬೇಕು. ಮಗಳಿಗೆ ಇದನ್ನು ಮೊದಲ ದಿನವೇ ಹೇಳಿಕೊಡಿ.

ನಮ್ಮಲ್ಲಿ ಈಗ ಉಳಿದಿರುವ ತೊಂದರೆ ಕರೆಂಟಿನದು. ಸಂಜೆ ಐದರ ಸುಮಾರಿಗೇ ತೆಗೆಯುತ್ತಾರೆ, ಯುಪಿಎಸ್‌ನ ಹಳೇ ಬ್ಯಾಟರಿ ಹತ್ತು ನಿಮಿಷ ತಡೆಯುವುದಿಲ್ಲ. ಹೊಸ ಬ್ಯಾಟರಿಗೆ ಶಾಲೆಯಲ್ಲಿ ದುಡ್ಡಿಲ್ಲವಂತೆ. ಹನ್ನೆರಡು ಜನ ಸೇರಿ ಸಣ್ಣದೊಂದು ಚೀಟಿ ಹಾಕಿದ್ದೇವೆ. ಮೊದಲ ಚೀಟಿ ಯಾರೂ ಕೂಗುವ ಹಾಗಿಲ್ಲ, ಅದು ಬ್ಯಾಟರಿಗೆ.