ಗಣಕಯಂತ್ರಗಳ ಚದುರಂಗ ಪಂದ್ಯಗಳಲ್ಲಿ ಆರಂಭಸ್ಥಿತಿಯ ಆಯ್ಕೆ

ಇಬ್ಬರ ಬಲಾಬಲವನ್ನು ನಿರ್ಣಯಿಸಬೇಕಾದರೆ ಅವರಿಬ್ಬರನ್ನೂ ಸಮಾನವಾದ ನೆಲೆಯಲ್ಲಿ ನಿಲ್ಲಿಸಬೇಕೆಂಬುದು ಎಲ್ಲರೂ ಒಪ್ಪತಕ್ಕ ಮಾತು. ಆದರೆ ಆ ಸಮಾನತೆಯನ್ನು ಸಾಧಿಸುವ ಮಾರ್ಗ ಒಂದೇ ಅಲ್ಲ. ಕೊಡಗಿನವರಿಗೆ ಚಿರಪರಿಚಿತವಾದ ಹಾಕಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ೧೯೯೭ರಲ್ಲಿ ಪಾಂಡಂಡ ಕುಟ್ಟಪ್ಪನವರ ಪ್ರಯತ್ನದಿಂದ ಕರಡದಲ್ಲಿ ಆರಂಭವಾದ ಕೊಡವ ಒಕ್ಕಗಳ ಹಾಕಿ ಹಬ್ಬವು ೨೦೨೪ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ ೩೬೦ ತಂಡಗಳನ್ನು ಆಕರ್ಷಿಸಿತು. ಮಲೆನಾಡಿನ ಮೈದಾನದಲ್ಲಿ ಒಂದು ತುದಿ ತುಸು ಇಳಿಜಾರಾಗಿರಬಹುದು. ಸಂಜೆಯ ಬಿಸಿಲು ಒಂದು ಕಡೆಯ ಗೋಲಿಯ ಕಣ್ಣಿಗೆ ಮಾತ್ರ ಹೊಡೆಯಬಹುದು. ನೆಲವನ್ನು ಅಂಗುಲ ಅಂಗುಲವಾಗಿ ಸಮಗೊಳಿಸುವುದು ಒಂದು ಪರಿಹಾರ; ಅರ್ಧ ಆಟ ಮುಗಿದೊಡನೆ ತಂಡಗಳು ಬದಿ ಬದಲಾಯಿಸುವುದು ಮತ್ತೊಂದು ಪರಿಹಾರ. ಹಾಕಿಯ ನಿಯಮವು ಎರಡನೆಯದನ್ನು ವಿಧಿಸಿದೆ. ಓರೆಯಾದ ನೆಲದ ಮೇಲೂ ನ್ಯಾಯವಾದ ಆಟ ನಡೆಯಬಲ್ಲುದೆಂಬ ತತ್ತ್ವ ಅದರಲ್ಲಡಗಿದೆ.

ಇದೇ ತತ್ತ್ವವು ಗಣಕಯಂತ್ರಗಳ ಚದುರಂಗ ಪಂದ್ಯಗಳಲ್ಲಿ ಹೇಗೆ ಪ್ರಯೋಗಕ್ಕೆ ಬಂದಿದೆ, ಮತ್ತು ಓರೆಯಾದ ನೆಲವನ್ನು ಅಲ್ಲಿ ಬೇಕೆಂದೇ ಏಕೆ ಆರಿಸುತ್ತಾರೆ ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಚದುರಂಗವಾಡುವ ಪ್ರೋಗ್ರಾಂಗೆ ‘ಎಂಜಿನ್’ ಎಂಬ ಹೆಸರು ರೂಢಿಯಲ್ಲಿದೆ. ನಾವೂ ಅದನ್ನೇ ಬಳಸೋಣ.

ಚದುರಂಗದ ಮಣೆಯೊಡನೆ ಕನ್ನಡ ನಾಡಿನ ಸಂಬಂಧ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಕುದುರೆಯ ನಡೆಯಿಂದಲೇ ಮಣೆಯ ೬೪ ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿಬರುವ ಬಂಧಗಳನ್ನು ರಚಿಸಿದರೆಂಬುದು ಪ್ರಸಿದ್ಧವಾಗಿದೆ. ಅಂತಹ ಸುತ್ತಿನಲ್ಲಿ ಕಡೆಯ ಮನೆಯಿಂದ ಮೊದಲ ಮನೆಗೆ ಮರಳುವಂತಿದ್ದರೆ, ಯಾವ ಮನೆಯಿಂದ ಹೊರಟರೂ ಸುತ್ತು ಪೂರ್ಣವಾಗುತ್ತದೆ; ಅಲ್ಲಿ ಆರಂಭಸ್ಥಾನಕ್ಕೆ ವಿಶೇಷ ಮಹತ್ತ್ವವಿಲ್ಲ. ಇಬ್ಬರು ಎದುರಾಳಿಗಳು ಆಡುವ ಆಟದ ಸಂಗತಿ ಇದಕ್ಕೆ ವಿರುದ್ಧವಾದುದು. ಅಲ್ಲಿ ಎಲ್ಲಿಂದ ಹೊರಟೆವೆಂಬುದು ಎಲ್ಲಿಗೆ ತಲಪುವೆವೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಮನುಷ್ಯರು ಆಡುವಾಗ ಕಾಯಿಗಳನ್ನು ವಾಡಿಕೆಯ ಸ್ಥಾನಗಳಲ್ಲಿಟ್ಟು ಆರಂಭಿಸುತ್ತಾರೆ. ಬಿಳಿಯ ಪಕ್ಷಕ್ಕೆ ಮೊದಲ ನಡೆಯಲ್ಲಿ ೨೦ ಆಯ್ಕೆಗಳಿವೆ. ಕರಿಯ ಪಕ್ಷವೂ ಒಂದು ನಡೆ ನಡೆದ ಮೇಲೆ ೪೦೦ ಸ್ಥಿತಿಗಳು ಸಾಧ್ಯ. ಇಬ್ಬರೂ ಎರಡೆರಡು ನಡೆ ಮುಗಿಸುವ ವೇಳೆಗೆ ನಡೆಗಳ ಸರಣಿಗಳು ೧,೯೭,೨೮೧ ಆಗುತ್ತವೆ. ಇಷ್ಟು ವೈವಿಧ್ಯವಿರುವಾಗ ಆರಂಭವನ್ನು ಎಂಜಿನ್‌ಗಳಿಗೇ ಬಿಡಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಹಾಗೆ ಬಿಡದಿರುವುದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು ಪುನರಾವೃತ್ತಿ. ಲೆಕ್ಕದ ಪರಿಮಾಣವನ್ನು ಗೊತ್ತುಪಡಿಸಿ ಒಂದೇ ಸಂಸ್ಕಾರಕದ ಮೇಲೆ ನಡೆಸಿದರೆ, ಎಂಜಿನ್ ಒಂದೇ ಸ್ಥಿತಿಗೆ ಪ್ರತಿಸಲವೂ ಒಂದೇ ಉತ್ತರ ಕೊಡುತ್ತದೆ. ಅಂತಹ ಎರಡು ಎಂಜಿನ್‌ಗಳನ್ನು ನೂರು ಸಲ ಆಡಿಸಿದರೆ ದೊರೆಯುವುದು ಒಂದೇ ಆಟದ ನೂರು ಪ್ರತಿಗಳು. ಕಾಲಮಿತಿಯ ಏರಿಳಿತದಿಂದಲೂ ಹಲವು ಸಂಸ್ಕಾರಕಗಳ ಬಳಕೆಯಿಂದಲೂ ಅಲ್ಪಸ್ವಲ್ಪ ವ್ಯತ್ಯಾಸ ಬರುವುದುಂಟು. ಆದರೆ ಅದನ್ನು ನಂಬಿ ಪರೀಕ್ಷೆಯನ್ನು ರೂಪಿಸಲಾಗದು.

ಎರಡನೆಯದು ಆರಂಭಗ್ರಂಥದ ಪ್ರಶ್ನೆ. ಎಂಜಿನ್‌ಗೆ ಮೊದಲ ನಡೆಗಳನ್ನು ಮುಂಚಿತವಾಗಿ ಉಪದೇಶಿಸುವ ಸಂಗ್ರಹವೇ ಆರಂಭಗ್ರಂಥ. ೧೯೯೭ನೆಯ ಮೇ ೧೧ರಂದು ನ್ಯೂಯಾರ್ಕಿನಲ್ಲಿ ಡೀಪ್ ಬ್ಲೂ ಯಂತ್ರವು ಗ್ಯಾರಿ ಕಾಸ್ಪರೋವರ ಎದುರು ಆರನೆಯ ಆಟವನ್ನು ಗೆದ್ದು ಪಂದ್ಯವನ್ನೂ ಗೆದ್ದಿತು. ಆ ಆಟದ ತಿರುವಾದ ಕುದುರೆಯ ಬಲಿ ಯಂತ್ರವು ಲೆಕ್ಕ ಹಾಕಿ ಕಂಡುಕೊಂಡ ನಡೆಯಲ್ಲ, ಅದರ ಆರಂಭಗ್ರಂಥದಲ್ಲಿ ಮೊದಲೇ ಸೇರಿಸಿದ್ದ ನಡೆ. ಹೀಗಿರಲು ಗೆಲುವಿನ ಯಶಸ್ಸು ಎಂಜಿನ್ನಿಗೆ ಸಲ್ಲತಕ್ಕದ್ದೋ ಗ್ರಂಥಕರ್ತರಿಗೆ ಸಲ್ಲತಕ್ಕದ್ದೋ ಎಂಬ ಪ್ರಶ್ನೆ ಏಳುವುದು ಸಹಜ. ಎಂಜಿನ್ನಿನ ಬಲವನ್ನು ಮಾತ್ರ ಅಳೆಯಬೇಕಾದರೆ ಗ್ರಂಥವನ್ನು ಅದರ ಕೈಯಿಂದ ತೆಗೆದು, ಆರಂಭಸ್ಥಿತಿಯನ್ನು ಪಂದ್ಯದ ವ್ಯವಸ್ಥಾಪಕರೇ ಒದಗಿಸಬೇಕು.

ಮೂರನೆಯದೂ ಇಂದು ಅತ್ಯಂತ ಪ್ರಬಲವಾದುದೂ ಆದ ಕಾರಣ ಡ್ರಾ, ಎಂದರೆ ಸೋಲುಗೆಲುವಿಲ್ಲದೆ ಮುಗಿಯುವ ಆಟ. ಆಡುವವರು ಬಲಿಷ್ಠರಾದಷ್ಟೂ ತಪ್ಪುಗಳು ಕಡಿಮೆಯಾಗುತ್ತವೆ. ತಪ್ಪು ಕಡಿಮೆಯಾದಷ್ಟೂ ಸಮತೂಕದ ಸ್ಥಿತಿ ಸಮತೂಕದಲ್ಲಿಯೇ ಕೊನೆಗಾಣುತ್ತದೆ. ಇಂದಿನ ಉತ್ತಮ ಎಂಜಿನ್‌ಗಳು ವಾಡಿಕೆಯ ಸ್ಥಿತಿಯಿಂದ ಸಾಕಷ್ಟು ಸಮಯ ತೆಗೆದುಕೊಂಡು ಆಡಿದರೆ ಬಹುಪಾಲು ಆಟಗಳು ಡ್ರಾ ಆಗುತ್ತವೆ.

ಈ ವ್ಯಾಧಿಯೂ ಇದರ ಚಿಕಿತ್ಸೆಯೂ ಗಣಕಯಂತ್ರಗಳಿಗಿಂತ ಹಳೆಯವು. ಅರಬರು ಶತ್ರಂಜ್ ಎಂದು ಕರೆದು ಆಡುತ್ತಿದ್ದ ಹಳೆಯ ಚದುರಂಗದಲ್ಲಿ ನಡೆಗಳು ನಿಧಾನವಾಗಿದ್ದುದರಿಂದ, ‘ತಬಿಯಾ’ ಎಂಬ ಹೆಸರಿನ ಸಿದ್ಧ ವ್ಯೂಹಗಳು ಬಳಕೆಯಲ್ಲಿದ್ದವು. ಡ್ರಾಫ್ಟ್ಸ್ ಎಂಬ ಆಟದಲ್ಲಿ ೧೮೬೩ರಲ್ಲಿ ವೈಲಿ ಮತ್ತು ಮಾರ್ಟಿನ್ಸ್ ಎಂಬ ಆಟಗಾರರ ನಡುವೆ ೪೦ ಆಟಗಳ ಪಂದ್ಯ ನಡೆದು, ನಲವತ್ತೂ ಡ್ರಾ ಆದವು. ಒಂದೇ ಆಟ ಅದರಲ್ಲಿ ಹಲವು ಬಾರಿ ಆವರ್ತಿಸಿತು. ಮುಂದೆ ಆ ಆಟದ ಮೊದಲ ಕೆಲವು ನಡೆಗಳನ್ನು ಚೀಟಿ ಎತ್ತಿ ನಿರ್ಧರಿಸುವ ಪದ್ಧತಿ ಬಂದಿತು. ಚೀಟಿಯಲ್ಲಿ ಬಂದ ಆರಂಭವು ಒಂದು ಪಕ್ಷಕ್ಕೆ ಅನುಕೂಲವಾಗಿದ್ದರೂ ಬಾಧಕವಿಲ್ಲ. ಇಬ್ಬರೂ ಪಕ್ಷ ಬದಲಾಯಿಸಿ ಅದನ್ನೇ ಮತ್ತೊಮ್ಮೆ ಆಡುತ್ತಾರೆ.

೨೦೧೦ರಲ್ಲಿ ಆರಂಭವಾಗಿ ‘ಟಾಪ್ ಚೆಸ್ ಎಂಜಿನ್ ಚಾಂಪಿಯನ್‌ಷಿಪ್’ ಎಂದು ಹೆಸರಾದ ಪಂದ್ಯಾವಳಿಯ ಅಂತಿಮ ಸುತ್ತಿನಲ್ಲೂ ಇದೇ ಕ್ರಮವನ್ನು ಕಾಣುತ್ತೇವೆ. ಅಲ್ಲಿ ೧೦೦ ಆಟಗಳಿಗೆ ೫೦ ಆರಂಭಸ್ಥಿತಿಗಳು. ಪ್ರತಿಯೊಂದು ಸ್ಥಿತಿಯನ್ನೂ ಎರಡು ಎಂಜಿನ್‌ಗಳು ಬಣ್ಣ ಬದಲಾಯಿಸಿ ಎರಡು ಸಲ ಆಡುತ್ತವೆ. ಆದುದರಿಂದ ನ್ಯಾಯದ ಪ್ರಶ್ನೆ ಜೋಡಿಯಿಂದಲೇ ಪರಿಹಾರವಾಯಿತು. ಉಳಿದುದು ಜ್ಞಾನದ ಪ್ರಶ್ನೆ: ಯಾವ ಸ್ಥಿತಿಯು ಎರಡು ಎಂಜಿನ್‌ಗಳ ಅಂತರವನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುತ್ತದೆ?

ಅಧ್ಯಾಪಕರಿಗೆ ಈ ಪ್ರಶ್ನೆ ಅಪರಿಚಿತವಲ್ಲ. ತರಗತಿಯ ಎಲ್ಲರೂ ಸರಿಯಾಗಿ ಉತ್ತರಿಸುವ ಪ್ರಶ್ನೆಯಿಂದ ಜಾಣರಾರೆಂಬುದು ತಿಳಿಯದು. ಯಾರೂ ಉತ್ತರಿಸಲಾರದ ಪ್ರಶ್ನೆಯಿಂದಲೂ ತಿಳಿಯದು. ಸುಮಾರು ಅರ್ಧ ಮಂದಿ ಉತ್ತರಿಸಬಲ್ಲ ಪ್ರಶ್ನೆಯೇ ವಿದ್ಯಾರ್ಥಿಗಳನ್ನು ಚೆನ್ನಾಗಿ ವಿಂಗಡಿಸುತ್ತದೆ. ಆರಂಭಸ್ಥಿತಿಯೆಂಬುದು ಎಂಜಿನ್ನಿಗೆ ಹಾಕಿದ ಒಂದು ಪ್ರಶ್ನೆಯೆಂದು ಭಾವಿಸಿದರೆ ವಿಷಯ ಸುಲಭವಾಗುತ್ತದೆ.

ಇದನ್ನು ಲೆಕ್ಕದಿಂದ ತೋರಿಸಬಹುದು. ಕೆಳಗಿನ ಸಂಖ್ಯೆಗಳು ಉದಾಹರಣೆಗಾಗಿ ಕಲ್ಪಿಸಿದವು. ‘ಅ’ ಎಂಬ ಎಂಜಿನ್ ‘ಬ’ ಎಂಬುದಕ್ಕಿಂತ ತುಸು ಬಲಿಷ್ಠವೆಂದೂ, ಬಿಳಿಯ ಪಕ್ಷ ಗೆಲ್ಲುತ್ತದೆ ಇಲ್ಲವೇ ಆಟ ಡ್ರಾ ಆಗುತ್ತದೆ, ಕರಿಯ ಪಕ್ಷ ಗೆಲ್ಲುವುದಿಲ್ಲವೆಂದೂ ಇಟ್ಟುಕೊಳ್ಳೋಣ. ಒಂದು ಜೋಡಿಯಲ್ಲಿ ‘ಅ’ ಮುಂದಾಗಬೇಕಾದರೆ ತಾನು ಬಿಳಿಯಾದಾಗ ಗೆಲ್ಲಬೇಕು, ‘ಬ’ ಬಿಳಿಯಾದಾಗ ಡ್ರಾ ಮಾಡಿಕೊಳ್ಳಬೇಕು. ಸಮತೂಕದ ಸ್ಥಿತಿಯಲ್ಲಿ ಬಿಳಿಯಾಗಿ ಗೆಲ್ಲುವ ಸಂಭವ ‘ಅ’ಗೆ ನೂರಕ್ಕೆ ೪, ‘ಬ’ಗೆ ೨ ಎನ್ನೋಣ. ಆಗ ೫೦ ಜೋಡಿಗಳಲ್ಲಿ ‘ಅ’ ಸುಮಾರು ೨ರಲ್ಲಿ, ‘ಬ’ ಸುಮಾರು ೧ರಲ್ಲಿ ಮುಂದಾಗುತ್ತವೆ. ಉಳಿದ ೪೭ ಜೋಡಿಗಳು ಸಮ. ಎರಡಕ್ಕೆ ಒಂದೆಂಬ ಇಂತಹ ಫಲ ಆಕಸ್ಮಿಕವಾಗಿಯೂ ಬರಬಹುದಾದುದರಿಂದ ಯಾವ ತೀರ್ಮಾನಕ್ಕೂ ಆಧಾರವಾಗದು.

ಇನ್ನು ಬಿಳಿಯ ಪಕ್ಷಕ್ಕೆ ಸಾಕಷ್ಟು ಅನುಕೂಲವಿರುವ ಸ್ಥಿತಿಯನ್ನು ಆರಿಸಿ, ಗೆಲುವಿನ ಸಂಭವ ‘ಅ’ಗೆ ೬೦, ‘ಬ’ಗೆ ೪೦ ಎಂದಾದರೆ, ‘ಅ’ ೧೮ ಜೋಡಿಗಳಲ್ಲಿಯೂ ‘ಬ’ ೮ ಜೋಡಿಗಳಲ್ಲಿಯೂ ಮುಂದಾಗುವ ನಿರೀಕ್ಷೆಯಿದೆ. ಇದು ಸಂಪೂರ್ಣ ನಿಶ್ಚಯವಲ್ಲದಿದ್ದರೂ ಗಮನಾರ್ಹವಾದ ಸಾಕ್ಷ್ಯ. ಅನುಕೂಲವನ್ನು ಇನ್ನೂ ಹೆಚ್ಚಿಸಿ ಸಂಭವಗಳನ್ನು ೯೮ ಮತ್ತು ೯೬ಕ್ಕೆ ಏರಿಸಿದರೆ, ಪುನಃ ೨ ಮತ್ತು ೧ ಜೋಡಿಗಳಿಗೇ ಇಳಿಯುತ್ತೇವೆ. ಆಗ ಆಟಗಳು ಡ್ರಾ ಆಗುವುದರ ಬದಲು ಎರಡೂ ಎಂಜಿನ್‌ಗಳು ಬಿಳಿಯಾದಾಗಲೆಲ್ಲ ಗೆಲ್ಲುತ್ತವೆ. ನೋಡುವವರಿಗೆ ಸೋಲುಗೆಲುವುಗಳ ಸಂಭ್ರಮ ಕಾಣಿಸುವುದೇ ಹೊರತು ಅಳತೆಗೆ ಲಾಭವಿಲ್ಲ. ಆದುದರಿಂದ ತಕ್ಕ ಆರಂಭಸ್ಥಿತಿಯೆಂದರೆ ಗೆಲುವಿಗೂ ಡ್ರಾಗೂ ನಡುವಿನ ಗಡಿಯ ಮೇಲೆ ನಿಂತಿರುವ ಸ್ಥಿತಿ.

ಈ ಗಡಿಯನ್ನು ಗುರುತಿಸಲು ಎಂಜಿನ್‌ಗಳ ಮೌಲ್ಯಾಂಕವೇ ಸಹಾಯಕ್ಕೆ ಬರುತ್ತದೆ. ಎಂಜಿನ್ನಿನ ಅಂಕವು ಹಿಂದಿನಿಂದಲೂ ಒಂದು ಕಾಲಾಳಿನ ಬೆಲೆಯನ್ನು ಮಾನವಾಗಿ ಹೊಂದಿತ್ತು. ೨೦೨೨ರ ಡಿಸೆಂಬರಿನಲ್ಲಿ ಹೊರಬಂದ ಸ್ಟಾಕ್‌ಫಿಷ್ ೧೫.೧ ಆವೃತ್ತಿಯಲ್ಲಿ ಈ ಮಾನವನ್ನು ಬದಲಾಯಿಸಿ, +೧ ಎಂದರೆ ಸಮಬಲದ ಎದುರಾಳಿಯ ಮೇಲೆ ಗೆಲ್ಲುವ ಸಂಭವ ನೂರಕ್ಕೆ ೫೦ ಎಂದು ಗೊತ್ತುಪಡಿಸಿದರು. ಹೀಗೆ +೧ರ ಆಸುಪಾಸಿನ ಸ್ಥಿತಿಗಳೇ ನಮ್ಮ ಗಡಿಯ ಸ್ಥಿತಿಗಳಾದವು. ಮನುಷ್ಯರು ಆಡಿದ ಆಟಗಳಿಂದ ಅಸಮತೂಕದ ಆರಂಭಗಳನ್ನು ಆಯ್ದು ಸ್ಟೀಫನ್ ಪೋಲ್ ಎಂಬವರು ಸಿದ್ಧಪಡಿಸಿದ ಸಂಗ್ರಹಗಳನ್ನು ಸ್ಟಾಕ್‌ಫಿಷ್ ಎಂಜಿನ್ನಿನ ಪರೀಕ್ಷೆಗಳಿಗೆ ಬಳಸಿಕೊಂಡಿರುವುದು ಈ ವಿಚಾರದ ಫಲವೇ ಆಗಿದೆ.

ಅಂಕವೊಂದೇ ಸಾಲದು. ಆಯ್ದ ಸ್ಥಿತಿಗಳು ಪರಸ್ಪರ ಭಿನ್ನವಾಗಿರಬೇಕು; ಬೇರೆ ಬೇರೆ ನಡೆಗಳಿಂದ ಹೊರಟು ಒಂದೇ ಸ್ಥಿತಿಯನ್ನು ಸೇರುವ ಎರಡು ಆರಂಭಗಳು ವಸ್ತುತಃ ಒಂದೇ. ಮಧ್ಯದ ಮನೆಗಳು ಮುಚ್ಚಿಹೋದ ಸ್ಥಿತಿಗಳೂ ತೆರೆದ ಸ್ಥಿತಿಗಳೂ ರಾಜನ ಮೇಲೆ ನೇರ ದಾಳಿಯಾಗುವ ಸ್ಥಿತಿಗಳೂ ತಕ್ಕ ಪ್ರಮಾಣದಲ್ಲಿರಬೇಕು. ಮಂತ್ರಿ, ಆನೆ, ಒಂಟೆಗಳೆಲ್ಲ ಬೇಗನೆ ವಿನಿಮಯವಾಗಿ ಮಣೆ ಬರಿದಾಗುವ ಆರಂಭಗಳಿಂದ ಹೆಚ್ಚು ಪ್ರಯೋಜನವಿಲ್ಲ. ಆಯ್ಕೆ ಮಾಡುವವರು ಸ್ಪರ್ಧಿಸುವ ಎಂಜಿನ್‌ಗಳಲ್ಲಿ ಒಂದರಿಂದಲೇ ಮೌಲ್ಯಾಂಕಗಳನ್ನು ಪಡೆದರೆ, ಆ ಎಂಜಿನ್ನಿನ ತಪ್ಪುಕಲ್ಪನೆಗಳೂ ಸಂಗ್ರಹದೊಳಕ್ಕೆ ನುಸುಳಬಹುದೆಂಬುದನ್ನು ಮರೆಯಬಾರದು.

ಫಲಿತಾಂಶವನ್ನು ಎಣಿಸುವ ಕ್ರಮದಲ್ಲಿಯೂ ಎಚ್ಚರ ಅಗತ್ಯ. ಜೋಡಿಯ ಎರಡು ಆಟಗಳು ಒಂದೇ ಸ್ಥಿತಿಯಿಂದ ಹೊರಟವಾದುದರಿಂದ ಅವು ಸ್ವತಂತ್ರ ಘಟನೆಗಳಲ್ಲ. ನೂರು ಬಿಡಿ ಆಟಗಳೆಂದು ಎಣಿಸಿದರೆ ದೋಷದ ಅಂದಾಜು ತಪ್ಪುತ್ತದೆ. ಜೋಡಿಯನ್ನೇ ಒಂದು ಘಟಕವೆಂದು ತೆಗೆದುಕೊಂಡು ೦, ೧/೨, ೧, ೧ ೧/೨, ೨ ಎಂಬ ಐದು ಫಲಗಳಲ್ಲಿ ಯಾವುದು ಎಷ್ಟು ಸಲ ಬಂದಿತೆಂದು ಲೆಕ್ಕಿಸುವುದೇ ಸರಿಯಾದ ವಿಧಾನ. ಸ್ಟಾಕ್‌ಫಿಷ್‌ನ ಪರೀಕ್ಷಾ ವ್ಯವಸ್ಥೆ ಈ ವಿಧಾನವನ್ನು ಅನುಸರಿಸುತ್ತದೆ.

ಇದೆಲ್ಲ ಕೃತಕವಲ್ಲವೇ, ಯಾವ ವಿವೇಕಿಯೂ ತಾನಾಗಿ ಇಳಿಯದ ಸ್ಥಿತಿಗೆ ಎಂಜಿನ್ನನ್ನು ನೂಕುವುದು ಚದುರಂಗವೇ, ಎಂಬ ಆಕ್ಷೇಪಣೆಯುಂಟು. ಆಕ್ಷೇಪಣೆ ಉಪೇಕ್ಷಣೀಯವಲ್ಲ. ಬಾಬಿ ಫಿಷರ್ ೧೯೯೬ರಲ್ಲಿ ಸೂಚಿಸಿದಂತೆ ಹಿಂದಿನ ಸಾಲಿನ ಕಾಯಿಗಳನ್ನು ೯೬೦ ವಿಧಗಳಲ್ಲಿ ಜೋಡಿಸಿ ಆಡುವುದು ಮತ್ತೊಂದು ಮಾರ್ಗ. ಎರಡು ಪಕ್ಷಗಳ ಜೋಡಣೆಯೂ ಬೇರೆ ಬೇರೆಯಾಗಬಹುದೆಂದರೆ ಸ್ಥಿತಿಗಳು ೯,೨೧,೬೦೦ ಆಗುತ್ತವೆ. ಆದರೆ ಅಲ್ಲಿಯೂ ಕೆಲವು ಸ್ಥಿತಿಗಳು ಸಮ, ಕೆಲವು ಓರೆ. ಆಯ್ಕೆಯ ಹೊಣೆ ತಪ್ಪುವುದಿಲ್ಲ.

ಇಲ್ಲಿ ನಾವು ಮುಖ್ಯವಾಗಿ ಗ್ರಹಿಸಬೇಕಾದುದು ಇಷ್ಟು. ‘ಈ ಎಂಜಿನ್ ಅದಕ್ಕಿಂತ ಬಲಿಷ್ಠ’ ಎಂಬ ವಾಕ್ಯ ‘ಈ ಆರಂಭಗಳಿಂದ ಆಡಿದಾಗ’ ಎಂಬ ಮಾತು ಸೇರಿದಾಗ ಮಾತ್ರ ಪೂರ್ಣವಾಗುತ್ತದೆ. ಸಮತೂಕದ ಸ್ಥಿತಿಗಳಲ್ಲಿ ಹೆಚ್ಚುಕಡಮೆ ಸಮವೆಂದು ತೋರಿದ ಎರಡು ಎಂಜಿನ್‌ಗಳು ಗಡಿಯ ಸ್ಥಿತಿಗಳಲ್ಲಿ ಬಹು ಅಂತರ ತೋರಬಹುದು. ಎರಡೂ ಫಲಗಳು ಸತ್ಯವೇ. ಪ್ರಶ್ನಪತ್ರಿಕೆಯನ್ನು ನೋಡದೆ ಅಂಕಪಟ್ಟಿಯನ್ನು ಅರ್ಥಮಾಡಿಕೊಳ್ಳಲಾಗದೆಂಬ ನಿಯಮ ಇಲ್ಲಿಯೂ ಅನ್ವಯಿಸುತ್ತದೆ.

ಸ್ಟಾಕ್‌ಫಿಷ್ ಎಲ್ಲರಿಗೂ ಉಚಿತವಾಗಿ ದೊರೆಯುವ ಎಂಜಿನ್. ಅದರ ಎರಡು ಆವೃತ್ತಿಗಳನ್ನು ಸಾಧಾರಣ ಗಣಕಯಂತ್ರವೊಂದರ ಮೇಲೆ, ಒಮ್ಮೆ ಸಮತೂಕದ ೫೦ ಸ್ಥಿತಿಗಳಿಂದಲೂ ಮತ್ತೊಮ್ಮೆ ಗಡಿಯ ೫೦ ಸ್ಥಿತಿಗಳಿಂದಲೂ ಜೋಡಿಯಾಗಿ ಆಡಿಸಿ, ನಿರ್ಣಾಯಕ ಜೋಡಿಗಳನ್ನು ಎಣಿಸಿ ನೋಡುವುದು ನಮ್ಮ ಕಾಲೇಜುಗಳ ಗಣಿತ ಮತ್ತು ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳಿಗೆ ಸಾಧ್ಯವಾದ ಕೆಲಸ. ಪಂದ್ಯವನ್ನು ಹೂಡುವ ಮೊದಲು ಪ್ರತಿಯೊಂದು ಸ್ಥಿತಿಯನ್ನೂ ಏಕೆ ಆರಿಸಿದೆವೆಂದು ಒಂದೊಂದು ಸಾಲು ಬರೆದಿಟ್ಟುಕೊಂಡರೆ, ಆಮೇಲೆ ಬಂದ ಅಂಕಗಳನ್ನು ಓದುವುದು ಸುಲಭವಾದೀತು.