ಗಡ್ಡೆಯ ಕೆಳಗಿನ ಮಣ್ಣು ಓದುವ ವಿದ್ಯೆ

ಅನ್ನನಾಳದ ಒಳಪದರದಿಂದ ಎಂಡೋಸ್ಕೋಪಿನ ಮೂಲಕವೇ ಬಿಡಿಸಿ ತೆಗೆದ ತೆಳುವಾದ ತುಣುಕೊಂದು ಲ್ಯಾಬಿಗೆ ಬರುತ್ತದೆ. ಬಿಟ್ಟರೆ ಅದು ಸುರುಟಿಕೊಳ್ಳುತ್ತದೆ. ಸುರುಟಿದ್ದನ್ನು ಕತ್ತರಿಸಿದರೆ ಪದರಗಳು ಓರೆಯಾಗಿ ಆಳದ ಲೆಕ್ಕವೇ ತಪ್ಪುತ್ತದೆ. ಅದಕ್ಕೇ ಅದನ್ನು ಹಲಗೆಯ ಮೇಲೆ ಹರಡಿ, ಸುತ್ತ ಗುಂಡುಸೂಜಿ ಚುಚ್ಚಿ, ಫಾರ್ಮಲಿನ್‌ನಲ್ಲಿ ಮುಳುಗಿಸಿಡುತ್ತಾರೆ. ಆಮೇಲೆ ಅಯೋಡಿನ್ ಹಾಕಿದರೆ, ಗ್ಲೈಕೋಜೆನ್ ತುಂಬಿದ ಆರೋಗ್ಯವಂತ ಭಾಗ ಕಂದುಬಣ್ಣಕ್ಕೆ ತಿರುಗುತ್ತದೆ. ಕ್ಯಾನ್ಸರ್ ಹಿಡಿದ ಜಾಗ ಬಣ್ಣ ಹೀರದೆ ಬಿಳಿಚಿಕೊಂಡೇ ಉಳಿಯುತ್ತದೆ.

ಮುಂದಿನದು ಹಿಸ್ಟೊಪೆಥಾಲಜಿ ವಿಭಾಗದ ಕೈಚಳಕ. ತುಣುಕನ್ನು ಎರಡು-ಮೂರು ಮಿ.ಮೀ. ಅಗಲದ ಪಟ್ಟಿಗಳಾಗಿ ಸೀಳಿ, ಪ್ಯಾರಾಫಿನ್ ಮೇಣದಲ್ಲಿ ಕೂರಿಸಿ, ಮೈಕ್ರೋಟೋಮ್‌ನಲ್ಲಿ ಸುಮಾರು 4 ಮೈಕ್ರಾನ್ ದಪ್ಪಕ್ಕೆ ಕೊಯ್ಯುತ್ತಾರೆ. ಆರಂಭದ ಹಂತದ ಅನ್ನನಾಳದ ಕ್ಯಾನ್ಸರನ್ನು ಹೀಗೆ ಪಟ್ಟಿ ಪಟ್ಟಿಯಾಗಿ ಓದುವ ಕ್ರಮವನ್ನು ಪಳಗಿಸಿದ್ದರಲ್ಲಿ ಜಪಾನಿನ ವೈದ್ಯರ ಪಾಲು ದೊಡ್ಡದು.

ಕ್ಯಾನ್ಸರ್ ಹುಟ್ಟುವುದು ಮೇಲ್ಪದರದ ಕೋಶಗಳಲ್ಲಿ. ಆದರೆ ಪೆಥಾಲಜಿಸ್ಟ್ ಹೆಚ್ಚು ಹೊತ್ತು ದಿಟ್ಟಿಸುವುದು ಅದರ ಕೆಳಗಿನ ಸಂಯೋಜಕ ಅಂಗಾಂಶವನ್ನು. ಇವೆರಡರ ನಡುವಿನ ತಳಪೊರೆ ಹರಿಯದಿದ್ದರೆ ರೋಗ ಇನ್ನೂ ಹೊಸ್ತಿಲು ದಾಟಿಲ್ಲ ಎಂದೇ ಅರ್ಥ. ಹರಿದು ಕೆಳಗಿಳಿದರೆ ಅಲ್ಲಿನ ಚಿತ್ರ ಬದಲಾಗುತ್ತದೆ. ಸುಮ್ಮನಿದ್ದ ಫೈಬ್ರೋಬ್ಲಾಸ್ಟ್‌ಗಳು ದಪ್ಪಗಾಗಿ ಹೊಸ ಕೊಲಾಜೆನ್ ನೇಯತೊಡಗುತ್ತವೆ. ಲಿಂಫೋಸೈಟ್‌ಗಳು ಗುಂಪುಗೂಡುತ್ತವೆ, ಹೊಸ ರಕ್ತನಾಳಗಳು ಚಿಗುರುತ್ತವೆ. ಮ್ಯಾಸನ್ ಟ್ರೈಕ್ರೋಮ್ ಬಣ್ಣ ಹಾಕಿದ ಸ್ಲೈಡಿನಲ್ಲಿ ಕೆಂಪು ಸ್ನಾಯುವಿನ ಎಳೆಗಳ ನಡುವೆ ಈ ಕೊಲಾಜೆನ್ ನೀಲಿಯಾಗಿ ಎದ್ದು ಕಾಣುತ್ತದೆ. ಹಿಂದೆ ಬಯಾಪ್ಸಿ ತೆಗೆದ ಜಾಗದ ಕಲೆಯೂ ನೀಲಿಯೇ. ಯಾವುದು ಹಳೆಯ ಗಾಯ, ಯಾವುದು ಕ್ಯಾನ್ಸರ್ ಕೆರಳಿಸಿದ ನಾರು ಎಂದು ಬೇರ್ಪಡಿಸುವುದರಲ್ಲೇ ಪಳಗಿದ ಕಣ್ಣಿನ ಬೆಲೆ ಇದೆ.

1889ರಲ್ಲಿ ಲಂಡನ್ನಿನ ಸರ್ಜನ್ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರ್ ದೇಹದಲ್ಲಿ ಹರಡುವ ಬಗೆಯನ್ನು ಬೀಜ ಮತ್ತು ಮಣ್ಣಿನ ಸಂಬಂಧವಾಗಿ ವಿವರಿಸಿದ್ದರು. ಆ ಮಾತು ಗಡ್ಡೆ ಹುಟ್ಟಿದ ಜಾಗಕ್ಕೂ ಸಲ್ಲುತ್ತದೆ ಎಂಬುದನ್ನು ಈ ಸ್ಲೈಡುಗಳು ತೋರಿಸುತ್ತವೆ.

ಅನ್ನನಾಳದಲ್ಲಿ ಆಳದ ಅಳತೆ ಇಷ್ಟು ಕಟ್ಟುನಿಟ್ಟಾಗಿರಲು ಕಾರಣವಿದೆ. ಇಲ್ಲಿ ದುಗ್ಧನಾಳಗಳು ಮೇಲ್ಪದರದ ಕೆಳಗೇ ಹಬ್ಬಿರುವುದರಿಂದ ರೋಗ ಬೇಗ ದುಗ್ಧಗ್ರಂಥಿಗಳಿಗೆ ಜಾರಬಲ್ಲದು. ಒಳಪದರದ ತೆಳು ಸ್ನಾಯುಪಟ್ಟಿಯಿಂದ 200 ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತ, ಆಳಕ್ಕೆ ಇಳಿದಿದ್ದರೆ ಆ ಅಪಾಯ ಹೆಚ್ಚು. ಎಂಡೋಸ್ಕೋಪಿಯಲ್ಲೇ ಚಿಕಿತ್ಸೆ ಮುಗಿಯಿತೋ, ಶಸ್ತ್ರಚಿಕಿತ್ಸೆಯೋ ಕಿಮೊ-ರೇಡಿಯೇಶನ್ನೋ ಬೇಕೋ ಎಂಬ ತೀರ್ಮಾನಕ್ಕೆ ಈ ಕೂದಲೆಳೆಯ ಅಂತರ ಮುಖ್ಯ ಆಧಾರ.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಡೆಸುತ್ತಿರುವ ಕ್ಯಾನ್ಸರ್ ನೋಂದಣಿಯಲ್ಲಿ ಅನ್ನನಾಳದ ಕ್ಯಾನ್ಸರ್ ಪ್ರಮುಖ ಕ್ಯಾನ್ಸರ್‌ಗಳ ಸಾಲಿನಲ್ಲಿದೆ. ಹೊಗೆಸೊಪ್ಪು, ಬೀಡಿ-ಸಿಗರೇಟು, ಮದ್ಯ ಇದಕ್ಕೆ ದಾರಿ ಮಾಡಿಕೊಡುತ್ತವೆ. ಮುದ್ದೆ-ಅನ್ನ ಗಂಟಲಲ್ಲಿ ಸಿಕ್ಕಿಕೊಳ್ಳತೊಡಗಿದ ಮೇಲೆ ಆಸ್ಪತ್ರೆಗೆ ಬರುವವರೇ ಹೆಚ್ಚು. ಅಷ್ಟರಲ್ಲಿ ರೋಗ ಈ ಪದರಗಳನ್ನೆಲ್ಲ ದಾಟಿರುತ್ತದೆ. ಈ ಚಟಗಳಿರುವವರು ನುಂಗುವಾಗಿನ ಸಣ್ಣ ತೊಂದರೆಯನ್ನೂ ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕದೆ ಎಂಡೋಸ್ಕೋಪಿ ಮಾಡಿಸಿಕೊಳ್ಳಬೇಕು. ಇಷ್ಟು ನಾಜೂಕಾದ ವಿದ್ಯೆ ನಮ್ಮ ಜನರ ಜೀವ ಉಳಿಸಬೇಕಾದರೆ, ತುಣುಕು ಹೊತ್ತು ಮೀರುವ ಮುಂಚೆ ಲ್ಯಾಬು ತಲುಪಬೇಕು.